ಹಳ್ಳಕ್ಕೆ ದಾರಿ ಬಿಡಿಸಿದ ಮುನಿಯಪ್ಪ

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಪ್ರತಿ ಸಲವೂ ಮೀನು ಹಿಡಿದ ಕಥೆ ಹೇಳಿ ಮುಗಿಸಿದ್ದೇನೆ. ಮೀನಿನ ಕಥೆ ಹೇಳುವುದು ಸುಲಭ. ಕೇಳುವವರು ಅರ್ಧ ನಂಬುವುದಿಲ್ಲ, ಹೇಳುವವನಿಗೂ ಅದರಿಂದ ಬೇಸರವಾಗುವುದಿಲ್ಲ. ಇದು ಹಾಗಲ್ಲ. ಇದನ್ನು ಎಲ್ಲರೂ ನಂಬಿಬಿಟ್ಟರು. ಅದಕ್ಕೇ ಇಷ್ಟು ದಿನ ಮುಂದೂಡಿದೆ.

ಕಳೆದ ವಾರ ನನ್ನ ಹೆಂಡತಿ ಬೀದಿಯ ಹೆಂಗಸರ ಜೊತೆ ಟೆಂಪೋ ಮಾಡಿಕೊಂಡು ಯಾವುದೋ ದೇವಸ್ಥಾನಕ್ಕೆ ಹೋಗಿಬಂದಳು. ಬಂದವಳು ನನ್ನ ಮುಂದೆ ಬಾಳೆಎಲೆಯ ಪೊಟ್ಟಣ ಬಿಚ್ಚಿದಳು. ಕರ್ಪೂರ, ನಿಂಬೆಹಣ್ಣು, ಹಸಿ ಅರಿಶಿನದ ವಾಸನೆ. ಒಂದು ಹಿಡಿ ಪುಳಿಯೋಗರೆ ಬಾಯಿಗೆ ಹಾಕಿಕೊಂಡೆ.

"ಪೆರೇಸಂದ್ರದಿಂದ ಒಳಕ್ಕೆ ಹೋಗ್ಬೇಕು, ಹಳ್ಳದ ಮುನೇಶ್ವರ ಅಂತ. ತುಂಬ ಶಕ್ತಿ ಇರೋ ದೇವ್ರಂತೆ," ಎಂದಳು. "ಅದಿರ್ಲಿ. ಅಲ್ಲಿನ ನಂಜಮ್ಮ ಅನ್ನೋರು ನಿಮ್ಮ ಹೆಸರು ಕೇಳಿದ್ದೇ ತಡ, ನನ್ನನ್ನ ಸಾಲು ಬಿಡಿಸಿ ಮುಂದಕ್ಕೆ ಕರ್ಕೊಂಡು ಹೋದ್ರು. ಅದು ನಿಮ್ಮ ಮನೆದೇವ್ರಂತಲ್ರೀ. ಮದುವೆಯಾಗಿ ಮುದುಕಿ ಆದೆ, ಇವತ್ತಿನ ತನಕ ನಮ್ಮ ಮನೆದೇವ್ರು ತಿಮ್ಮಪ್ಪ ಅಂದ್ಕೊಂಡಿದ್ದೆ. ಯಾವಾಗ ಬದಲಾಯಿಸಿದ್ರಿ?"

ಎರಡನೆಯ ಹಿಡಿಯನ್ನು ಎಲೆಗೇ ವಾಪಸ್ಸು ಹಾಕಿದೆ. ಆ ದೇವರನ್ನು ಅಲ್ಲಿ ನಿಲ್ಲಿಸಿದವನು ನಾನು.

ಇದು ತಿಳಿಯಬೇಕಾದರೆ ನನ್ನ ಚಟದ ವಿಷಯ ತಿಳಿಯಬೇಕು. ನಾನು ಓದಿದ್ದು ಹೈಸ್ಕೂಲಿನವರೆಗೆ. ದುಡಿದದ್ದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡು ತೂಗುವ ಕೆಲಸ. ದಿನವೆಲ್ಲ ಸತ್ತ ಹುಳುವಿನ ವಾಸನೆ, ಕೂಗಾಟ. ಭಾನುವಾರ ಬಂದರೆ ನನಗೆ ಬೇಕಾಗಿದ್ದುದು ಒಂದೇ: ಪ್ಯಾಂಟು ಮಡಚಿ ಮೊಣಕಾಲುದ್ದ ಹರಿಯುವ ನೀರಿನಲ್ಲಿ ಗಾಳ ಹಿಡಿದು ನಿಲ್ಲುವುದು. ದಡದ ಮೇಲೆ ಕೂತು ಗಾಳ ಹಾಕುವವರನ್ನು ನಾನು ಮೀನುಗಾರರೆಂದೇ ಒಪ್ಪುವುದಿಲ್ಲ. ಅವರು ವಿಶ್ರಾಂತಿಗೆ ಬಂದವರು. ನೀರಿನಲ್ಲಿ ನಿಂತಾಗ ಹರಿವು ಮೀನಖಂಡವನ್ನು ತಳ್ಳುತ್ತಿರುತ್ತದೆ, ಪುಟ್ಟ ಗೆಂಡೆ ಮೀನುಗಳು ಬೆರಳಿನ ಸಂದಿಯ ಕೊಳೆ ತಿನ್ನುತ್ತಿರುತ್ತವೆ. ನಾನು ಹಿಡಿದ ಮೀನಿಗಿಂತ ನನ್ನ ಕಾಲನ್ನು ತಿಂದ ಮೀನೇ ಹೆಚ್ಚು.

ನಮ್ಮ ಕಡೆ ಕೆರೆಯ ಮೀನು ಹರಾಜಾಗಿರುತ್ತದೆ. ಗುತ್ತಿಗೆದಾರನ ಆಳು ದೂರದಿಂದಲೇ ಕಲ್ಲು ಬೀರುತ್ತಾನೆ. ಉಳಿಯುವುದು ಕೋಡಿ ಹೋದ ಮೇಲೆ ಹರಿಯುವ ಹಳ್ಳಗಳು. ಹಳ್ಳ ಸರ್ಕಾರದ್ದು, ಅದರ ನೀರು ಸರ್ಕಾರದ್ದು, ಯಾರು ಬೇಕಾದರೂ ಇಳಿಯಬಹುದು. ಆದರೆ ಅಲ್ಲಿಗೆ ಹೋಗುವ ದಾರಿ ಮಾತ್ರ ಯಾರದ್ದೋ ತೋಟದೊಳಗೇ ಇರುತ್ತದೆ. ಹಳೆಯ ಬಂಡಿದಾರಿಗಳನ್ನೆಲ್ಲ ಉತ್ತು ಬೆಳೆ ಇಟ್ಟಿದ್ದಾರೆ, ಇಲ್ಲವೇ ಮುಳ್ಳುತಂತಿ ಎಳೆದು ಗೇಟು ಹಾಕಿದ್ದಾರೆ.

ಕಳವಾರದ ಹತ್ತಿರ ಒಂದು ಒಳ್ಳೆಯ ತೊರೆ ಕಂಡು ಇಳಿಯಲು ಹೋದರೆ, ನನ್ನನ್ನು ಬೆಟ್ಟ ಹತ್ತಲು ಬಂದವನೆಂದು ತಿಳಿದ ಹುಡುಗನೊಬ್ಬ, "ಅಂಕಲ್, ಆ ಕಡೆ ವ್ಯೂ ಇಲ್ಲ, ಈ ಕಡೆ ಬನ್ನಿ," ಎಂದು ಕೈ ಹಿಡಿದು ಬೆಟ್ಟದ ಬುಡಕ್ಕೆ ಬಿಟ್ಟ. ಅವನ ಮರ್ಯಾದೆಗೆ ಕಟ್ಟುಬಿದ್ದು ಸ್ವಲ್ಪ ದೂರ ಹತ್ತಿಯೂ ಬಿಟ್ಟೆ. ಗೌರಿಬಿದನೂರಿನ ಕಡೆ ಪಿನಾಕಿನಿಯಲ್ಲಿ ನಿಂತಾಗ ಮರಳು ತುಂಬುತ್ತಿದ್ದವರು ನನ್ನನ್ನು ಅಳತೆಗೆ ಬಂದ ಅಧಿಕಾರಿ ಎಂದುಕೊಂಡು ಟ್ರಾಕ್ಟರು ಬಿಟ್ಟು ಓಡಿದರು. ಮರಳಿ ಬಂದು ನಾನು ಯಾರೂ ಅಲ್ಲವೆಂದು ಗೊತ್ತಾದ ಮೇಲೆ, ಓಡಿದ ಸಿಟ್ಟಿಗೆ ನನ್ನನ್ನು ಓಡಿಸಿದರು. ಅಂಬಾಜಿದುರ್ಗದ ತಪ್ಪಲಲ್ಲಿ ಫಾರ್ಮ್‌ಹೌಸಿನ ಕಾವಲುಗಾರ, "ಎವರಯ್ಯಾ ನುವ್ವು? ಏಂ ಕಾವಾಲಿ?" ಎಂದು ತೆಲುಗಿನಲ್ಲಿ ಗದರಿದ, ಯಾರು ನೀನು, ಏನು ಬೇಕು ಅಂತ. "ಚೇಪಲು," ಎಂದೆ. ಮೀನು ಬೇಕಾದರೆ ಚಿಂತಾಮಣಿ ಸಂತೆಗೆ ಹೋಗು ಎಂದು ಬಸ್ಸಿನ ವೇಳೆಯನ್ನೂ ಹೇಳಿದ. ಒಳ್ಳೆಯ ಮನುಷ್ಯ.

ಹೀಗೆ ಅಲೆದು ಅಲೆದು ಕೊನೆಗೆ ಪೆರೇಸಂದ್ರದ ಒಳಗೆ ಒಂದು ಮಡು ಕಂಡೆ. ಬಂಡೆಗಳ ನಡುವೆ ನೀರು ತಿರುಗಿ ನಿಲ್ಲುವ ಜಾಗ, ತೊಡೆಯುದ್ದ ಆಳ, ಅಡಿಯಲ್ಲಿ ಹಾಸುಗಲ್ಲು. ಅದನ್ನು ಮೊದಲ ಸಲ ತಲುಪಿದ್ದು ಕೆಳಗಿನ ಸೇತುವೆಯಿಂದ ಹಳ್ಳದೊಳಗೇ ನಡೆದು, ಲಾಂಟಾನ ಪೊದೆಗಳಿಗೆ ಅಂಗಿ ಒಪ್ಪಿಸಿ. ನೆಟ್ಟಗಿನ ದಾರಿ ಇದ್ದದ್ದು ನಂಜಮ್ಮನ ದ್ರಾಕ್ಷಿ ತೋಟದ ನಡುವೆ. ಗಂಡನಿಲ್ಲದ, ತೋಟವನ್ನು ತಾನೇ ನಿಂತು ಮಾಡಿಸುವ ಹೆಂಗಸು. ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಟೀ ಅಂಗಡಿಯವನು ಮೊದಲೇ ಹೇಳಿದ್ದ. ಅದೇ ಅಂಗಡಿಯಲ್ಲಿ ಕೂತಿದ್ದಾಗ ನನಗೆ ಹೊಳೆಯಿತು: ನಮ್ಮ ಸೀಮೆಯಲ್ಲಿ ಮನುಷ್ಯನಿಗೆ ದಾರಿ ಬಿಡದವರುಂಟು, ದೇವರಿಗೆ ದಾರಿ ಬಿಡದವರಿಲ್ಲ. ಹಳ್ಳದ ದಡದಲ್ಲಿ, ಮರದ ಬುಡದಲ್ಲಿ ಒಂದು ಮುನಿಯಪ್ಪನ, ಅಂದರೆ ಮುನೇಶ್ವರನ, ಕಲ್ಲಿದ್ದರೆ, ತೋಟ ಯಾರದ್ದೇ ಆಗಲಿ, ಅದನ್ನು ಮನೆದೇವರೆಂದು ನಡೆದುಕೊಳ್ಳುವ ಒಕ್ಕಲಿಗೆ ನಡೆಯಲು ಜಾಗ ಇದ್ದೇ ಇರುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಪೊದೆ ನುಗ್ಗಿ ಬಂದು, ಮಡುವಿನ ಪಕ್ಕದ ಹೊಂಗೆ ಮರದ ಕೆಳಗೆ ಒಂದು ಕಲ್ಲು ನಿಲ್ಲಿಸಿದೆ. ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲಿನ ಕಂಬವಿದೆಯಲ್ಲ, ನಾವು ಕೂಚ ಎನ್ನುತ್ತೇವೆ, ಅದರ ಮುರಿದ ತುಂಡು. ದಡದಲ್ಲಿ ಬಿದ್ದಿತ್ತು. ಮನೆಯಿಂದ ತಂದ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಎರಡು ಕಣಗಿಲೆ ಹೂ ಸಿಕ್ಕಿಸಿದೆ. ಆಮೇಲೆ ಸುತ್ತು ಹಾಕಿಕೊಂಡು ಬಂದು ನಂಜಮ್ಮನ ಗೇಟಿನ ಮುಂದೆ ತೆಂಗಿನಕಾಯಿ ಹಿಡಿದು ನಿಂತು, ಹಳ್ಳದ ದಡದಲ್ಲಿರುವ ನಮ್ಮ ಮನೆದೇವರು ಮುನಿಯಪ್ಪನಿಗೆ ಕಾಯಿ ಒಡೆಯಬೇಕು ಎಂದೆ.

"ನಾನು ಈ ಮನೆಗೆ ಸೊಸೆಯಾಗಿ ಬಂದು ಎಷ್ಟು ಕಾಲ ಆಯ್ತು. ಅಲ್ಲೆಲ್ಲಿ ಐತೆ ದೇವ್ರು?" ಎಂದಳು.

"ಪೊದೆ ಮುಚ್ಕೊಂಡಿತ್ತಮ್ಮ. ನಮ್ಮ ತಾತನ ಕಾಲದ್ದು."

ಜೊತೆಗೇ ಬಂದಳು. ನೋಡಿದಳು. ಚಪ್ಪಲಿ ಬಿಟ್ಟು ಕೈಮುಗಿದು, "ನನ್ನ ತೋಟದ ಅಂಚಲ್ಲೇ ಇದ್ಕೊಂಡು ನಂಗೊಂದು ಮಾತು ಹೇಳ್ಲಿಲ್ವಲ್ಲಪ್ಪ," ಎಂದು ಕಲ್ಲಿನ ಮೇಲೇ ಮುನಿಸಿಕೊಂಡಳು. ಮರುವಾರ ನಾನು ಹೋಗುವಷ್ಟರಲ್ಲಿ ಗೇಟಿನಿಂದ ಹಳ್ಳದವರೆಗೆ ಒಂದು ಸಾಲು ದ್ರಾಕ್ಷಿ ಬಳ್ಳಿಯನ್ನೇ ಕೀಳಿಸಿ ದಾರಿ ಮಾಡಿಸಿದ್ದಳು. "ಬಾರಣ್ಣ, ನಿಮ್ಮ ದೇವ್ರು ಕಾಯ್ತಾ ಅವ್ನೆ," ಎಂದು ಕರೆದಳು. ಆ ಕೆಂಪು ಮಣ್ಣಿನ ದಾರಿಯನ್ನು ನೋಡಿ ನನಗೆ ಹೆಮ್ಮೆಯಾಯಿತು. ಈಗ ಬರೆಯುವಾಗ ಆ ಹೆಮ್ಮೆಯೇ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುತ್ತಿದೆ.

ಗಾಳದ ಕೋಲನ್ನು ಪೊದೆಯಲ್ಲಿ ಬಚ್ಚಿಟ್ಟಿದ್ದೆ. ಕಾಯಿ ಒಡೆಯುವುದು, ಕಣ್ಮುಚ್ಚಿ ಏನೋ ಮಣಮಣ ಅನ್ನುವುದು, ಆಮೇಲೆ ನೀರಿಗೆ ಇಳಿಯುವುದು. ಅಲ್ಲೇ ನನಗೆ ನಂಜಮ್ಮನ ತಮ್ಮನ ಪರಿಚಯವಾದದ್ದು. ಪಕ್ಕದ ಊರಿನವನು. ಭಾನುವಾರ ಅಕ್ಕನ ಮನೆಗೆ ಬಂದು, ಮಡುವಿನಲ್ಲಿ ನಿಂತು ನಾಲ್ಕು ಜಿಲೇಬಿ ಮೀನು ಹಿಡಿದು, ಅಕ್ಕನ ಹಿತ್ತಲಲ್ಲಿ ಹುರಿಸಿಕೊಂಡು ತಿಂದು ಹೋಗುವುದು ಅವನ ಪದ್ಧತಿ. ಬಾಯಿ ಮುಚ್ಚಿಕೊಂಡು ನಿಲ್ಲಲಾರದ ಮನುಷ್ಯ; ಅವನ ಮಾತಿಗೆ ಮೀನುಗಳು ಆಚೆ ತಾಲ್ಲೂಕಿಗೆ ಹೋಗಿಬಿಡುತ್ತಿದ್ದವು. ಮೊದಲ ದಿನವೇ ಕಲ್ಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಸ್ವಾಮಿ, ನಿಮ್ಮ ಮನೆದೇವ್ರಿಗೆ ತಂತಿ ಪೋಣ್ಸೋ ತೂತು ಐತಲ್ಲ," ಎಂದ.

ನಾನು ಗಾಳಕ್ಕೆ ಹುಳು ಸಿಕ್ಕಿಸತೊಡಗಿದೆ.

"ಚಪ್ಪರ ಹಾಕೋವಾಗ ಆ ಕೂಚನ ಮುರಿದೋನು ನಾನೇ. ಅವತ್ತು ನಮ್ಮಕ್ಕನ ಕೈಲಿ ಬೈಸ್ಕೊಂಡಿದ್ದೆ. ಈಗ ಅದಕ್ಕೇ ಕೈಮುಗೀತಾಳೆ." ನೀರು ಕುಲುಕುವಂತೆ ನಕ್ಕ. "ನಾನ್ಯಾಕೆ ಹೇಳ್ಲಿ? ನೀವು ಬರೋದ್ರಿಂದ ನಂಗೂ ಮಾತಿಗೆ ಜನ ಆಯ್ತು."

ಹೇಳಲಿಲ್ಲ. ಎಷ್ಟೋ ಭಾನುವಾರ ನಾವಿಬ್ಬರೂ ಆ ನೀರಿನಲ್ಲಿ ನಿಂತೆವು. ಅಂಥ ಸ್ನೇಹ ನನಗೆ ಮಾರುಕಟ್ಟೆಯ ಅಷ್ಟು ವರ್ಷದ ಚಾಕರಿಯಲ್ಲಿ ಸಿಕ್ಕಿರಲಿಲ್ಲ.

ಆ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ನಂಜಮ್ಮನ ದ್ರಾಕ್ಷಿಗೆ ರೋಗ ಹತ್ತಿತು. ಶಾಸ್ತ್ರ ಹೇಳುವವನೊಬ್ಬ, ದೇವರ ನೀರಿನಲ್ಲಿ ಯಾರೋ ಮೀನು ಹಿಡಿಯುತ್ತಿದ್ದಾರೆ, ಅದಕ್ಕೇ ಹೀಗೆ ಎಂದನಂತೆ. ಭಾನುವಾರ ಆಕೆ ಬುಸುಗುಡುತ್ತ ಹಳ್ಳಕ್ಕೆ ಇಳಿದು ಬಂದಳು. ದೂರದಿಂದ ಬಳೆಯ ಸದ್ದು ಕೇಳಿದ ಕೂಡಲೇ ನಾನು ಕೋಲನ್ನು ಪೊದೆಗೆ ಎಸೆದು, ಹಿಡಿದಿದ್ದ ಒಂದು ಗೆಂಡೆಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಕಲ್ಲಿನ ಮುಂದೆ ಕಣ್ಮುಚ್ಚಿ ಕೂತೆ. ಆಕೆಯ ತಮ್ಮ ನೀರಿನಲ್ಲೇ ನಿಂತಿದ್ದ, ಕೈಯಲ್ಲಿ ಗಾಳ, ಗಾಳದಲ್ಲಿ ಮೀನು.

"ದೇವ್ರ ಮಡುಗೇ ಕೈ ಹಾಕ್ದೇನೋ? ನನ್ ತೋಟ ಹಾಳು ಮಾಡಾಕೆ ಬರ್ತಿದ್ಯಾ ವಾರವಾರ?"

"ಅಕ್ಕ, ಅದು ದೇವ್ರಲ್ಲ ಕಣಕ್ಕ. ನಿನ್ ಚಪ್ಪರದ ಕೂಚ."

ನಂಜಮ್ಮನ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದಳು. "ಅಣ್ಣ, ನೀನು ಹೇಳು. ಇವನು ಹೇಳೋದು ದಿಟವಾ?"

ಜೇಬಿನಲ್ಲಿ ಗೆಂಡೆ ಇನ್ನೂ ಬದುಕಿತ್ತು. ನನ್ನ ತೊಡೆಗೆ ಬಾಲ ಬಡಿಯುತ್ತಿತ್ತು. ಒಂದು ಮಾತು ಸಾಕಾಗಿತ್ತು. ನಾನು ಗಂಭೀರವಾಗಿ, ನಿಧಾನವಾಗಿ ಹೇಳಿದೆ: "ದೇವರ ವಿಷಯದಲ್ಲಿ ಹಾಗೆಲ್ಲ ಹಗುರವಾಗಿ ಮಾತಾಡಬಾರದಪ್ಪ."

ಅವನು ನನ್ನನ್ನು ನೋಡಿದ. ನನ್ನ ಒದ್ದೆ ಜೇಬು ಅಲುಗಾಡುವುದನ್ನೂ ನೋಡಿದ. ಗಾಳದಿಂದ ಮೀನು ಬಿಡಿಸಿ ನೀರಿಗೆ ಬಿಟ್ಟು, ಕೋಲನ್ನು ಬಂಡೆಯ ಮೇಲಿಟ್ಟು, ಅಕ್ಕನ ಮುಂದೆ ಹಾದು ದಡ ಹತ್ತಿ ಹೋದ.

ಅಂದಿನಿಂದ ಅವನು ಅಕ್ಕನ ಮನೆಗೆ ಬರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನವೂ ನಿಂತಿತು. ಒಂದು ಹಬ್ಬದ ದಿನ ನಾನು ಹೋದಾಗ ನಂಜಮ್ಮ ಹೊಸ ಸೀರೆಯುಟ್ಟು ಗೇಟಿನ ಬಳಿ ಮಧ್ಯಾಹ್ನದವರೆಗೂ ನಿಂತಿದ್ದಳು. ಯಾರಿಗೆ ಕಾಯುತ್ತಿದ್ದಾಳೆಂದು ಗೊತ್ತಿದ್ದೂ ನಾನು ಕಾಯಿ ಒಡೆದು ಮನೆಗೆ ಬಂದೆ.

ನನ್ನ ಗತಿಯನ್ನಾದರೂ ಕೇಳಿ. ಹಳ್ಳಕ್ಕೆ ಇಳಿಯಲು ಇಡೀ ಜಿಲ್ಲೆಯಲ್ಲಿ ಯಾರಿಗೂ ಇಲ್ಲದಷ್ಟು ಅಗಲವಾದ ದಾರಿ ಸಿಕ್ಕಿತು, ಇಳಿದ ಮೇಲೆ ಮೀನು ಮುಟ್ಟುವ ಹಾಗಿರಲಿಲ್ಲ. ಮಡುವಿನ ಮೀನುಗಳು ಬೆಕ್ಕಿನ ಮರಿಗಳಷ್ಟು ಬೆಳೆದು, ಭಕ್ತರು ಹಾಕಿದ ಮಂಡಕ್ಕಿ ತಿನ್ನುತ್ತ, ನನ್ನ ಕಾಲ ಬಳಿಯೇ ಧೈರ್ಯವಾಗಿ ಓಡಾಡುತ್ತಿದ್ದವು. ನಾನು ತಪ್ಪಿಸಿಕೊಂಡರೆ ನಂಜಮ್ಮ ಫೋನು ಮಾಡುವಳು: "ಅಣ್ಣ, ನಿಮ್ಮ ಮನೆದೇವ್ರನ್ನ ನಾನೇ ನೋಡ್ಕೊಬೇಕಾ?" ಕಲ್ಲಿಗೆ ಮೊದಲು ತಗಡಿನ ಮಾಡು ಬಂತು, ಆಮೇಲೆ ಗೋಡೆ, ಗಂಟೆ, ಈಗ ಹೆದ್ದಾರಿಯಲ್ಲಿ ಕಮಾನು. ಮಂಡಿನೋವಿನ ನೆಪ ಹೇಳಿ ಕೆಲವು ವರ್ಷಗಳಿಂದ ಹೋಗುವುದನ್ನು ಬಿಟ್ಟಿದ್ದೆ.

ಇದನ್ನೆಲ್ಲ ಆ ಪ್ರಸಾದದ ದಿನ ಹೆಂಡತಿಗೆ ಹೇಳಿದೆ. ಜೇಬಿನ ಗೆಂಡೆಯವರೆಗೂ ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆ ತಮ್ಮ ಏನಾದ್ರು?" ಎಂದಳು. ಗೊತ್ತಿಲ್ಲ ಎಂದೆ. "ಇಷ್ಟು ವರ್ಷ ನಿಮಗೆ ಹೇಗ್ರೀ ಊಟ ಸೇರ್ತು?" ಎಂದು ಬಾಳೆಎಲೆ ಮಡಚಿಕೊಂಡು ಎದ್ದುಹೋದಳು.

ನಿನ್ನೆ ನಂಜಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ದೇವರನ್ನು ಕಿತ್ತುಹಾಕಲು ಬಂದಿದ್ದಾನೆಂದು ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿ ಕೂತೆ. ಆಕೆ ದಾರ ಹಿಡಿದ ಕೈ ನಿಲ್ಲಿಸಿದಳು.

"ಕಲ್ಲಿನ ಮಾತು ಬಿಡು," ಎಂದಳು. "ಊರೋರೆಲ್ಲ ಕೈಮುಗ್ದ ಮೇಲೆ ಅದು ನಿಂದೂ ಅಲ್ಲ, ನಂದೂ ಅಲ್ಲ. ಆದ್ರೆ ಅವತ್ತು ಅವನು ದಿಟ ಹೇಳಿದ್ದ."

"ಹೌದಮ್ಮ."

"ನಾನು ನನ್ ತಮ್ಮನ್ನ ಬಿಟ್ಟು ನಿನ್ನ ನಂಬಿದೆ."

ಆಕೆ ಸೊಂಟದಿಂದ ಫೋನು ತೆಗೆದಳು. ಅವನು ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿದ್ದಾನಂತೆ. ನಂಬರು ಯಾರಿಂದಲೋ ತೆಗೆದುಕೊಂಡು ಹಾಕಿಸಿಕೊಂಡಿದ್ದಳು, ಒಮ್ಮೆಯೂ ಒತ್ತಿರಲಿಲ್ಲ. ಈಗ ಒತ್ತಿ ನನ್ನ ಕೈಗೆ ಕೊಟ್ಟಳು.

"ಮೊದ್ಲು ನೀನು ಮಾತಾಡು. ಆಮೇಲೆ ನನಗೆ ಕೊಡು."

ರಿಂಗಾಗುತ್ತಿತ್ತು. ನಾನು ಫೋನನ್ನು ಆಕೆಯತ್ತ ಚಾಚಿದರೂ ಆಕೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ಆ ಕಡೆಯಿಂದ ಒಬ್ಬ ಹುಡುಗಿ, "ಹಲೋ, ಯಾರು ಬೇಕಿತ್ತು?" ಎಂದಳು.

ಅಷ್ಟು ವರ್ಷಗಳಿಂದ ನಾನು ಬಾಯಿಗೆ ತಂದುಕೊಳ್ಳದ ಹೆಸರು. ನಂಜಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಂಜಿನಪ್ಪ," ಎಂದೆ. "ಆಂಜಿನಪ್ಪ ಇದ್ದಾರಾ, ತಾಯಿ?"