ಆಚೆ ಸ್ಟೇಷನ್ನಿನಿಂದ ಈಚೆಗೆ

ಸಿಟಿ ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ಬೀದಿಯವರ ಬಾಯಲ್ಲಿ ಅವರು ಡ್ರೈವರಪ್ಪನೇ. ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ಚೀಲ ಹಿಡಿದು ನಡೆದುಕೊಂಡು ಮನೆಗೆ ಬಂದು, ಮಧ್ಯಾಹ್ನ ಬಾಗಿಲಲ್ಲಿ ಸ್ಕೂಟರ್ ಕಾಣದೆ, ಕಳುವಾಯಿತೆಂದು ಪೊಲೀಸ್ ಠಾಣೆಯಲ್ಲಿ ರಂಪ ಮಾಡಿದ್ದೂ ಈ ಡ್ರೈವರಪ್ಪನೇ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನಗದವಳು ಮಗಳೊಬ್ಬಳೇ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮರೆವಿನ ಕಾಯಿಲೆಗೆ ಮಾತ್ರೆ ಕೊಳ್ಳಲು ಬರುವ ಮನೆಮಂದಿಯ ಮುಖ ದಿನಾ ನೋಡುತ್ತಿದ್ದಳು. ಸಾಲದ್ದಕ್ಕೆ ಅದೇ ವಾರ ಮನೆಯ ಬೀಗದ ಕೈ ಫ್ರಿಜ್ಜಿನಲ್ಲಿ ಟೊಮೇಟೊ ಜೊತೆ ತಣ್ಣಗೆ ಕೂತದ್ದು ಸಿಕ್ಕಿತು.

"ಅಪ್ಪ, ಇನ್ಮೇಲೆ ಭಾನುವಾರ ನೀನು ಒಬ್ಬನೇ ಹೋಗೋದು ಬೇಡ" ಎಂದಳು.

ಭಾನುವಾರವೆಂದರೆ ಡ್ರೈವರಪ್ಪನಿಗೆ ನಡಿಗೆ. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ, ಊರು ದಾಟಿದ ಮೇಲೆ ಸಿಗುವ ಪುಟ್ಟ ಸ್ಟೇಷನ್ನಿನಲ್ಲಿ ಇಳಿದು, ಹೊಲ, ಕಾಲುವೆ, ಗುಡ್ಡ ಎಲ್ಲ ದಾಟಿ ಮುಂದಿನ ಸ್ಟೇಷನ್ ಸೇರಿ, ಸಂಜೆ ರೈಲಿಗೆ ವಾಪಸು ಬರುವುದು. ಮದುವೆಯಾದ ಹೊಸದರಲ್ಲಿ ಅಂಟಿದ ಗೀಳು ಅದು. ಅವರು ಮುಂದೆ, ಹೆಂಡತಿ ಹಿಂದೆ. "ರೀ, ಒಂದ್ಸಲ ತಿರುಗಿ ನೋಡಿ, ಎಷ್ಟು ಚೆನ್ನಾಗಿದೆ" ಎಂದು ಅವಳು ಕೂಗಿದರೆ, "ವಾರವೆಲ್ಲ ಕನ್ನಡೀಲಿ ಹಿಂದೆ ನೋಡಿ ನೋಡಿ ಸಾಕಾಗಿದೆ ಕಣೇ, ಇವತ್ತು ಮುಂದೆ ಮಾತ್ರ" ಎನ್ನುತ್ತಿದ್ದರು. ನಿವೃತ್ತರಾಗಿ ಬಸ್ಸಿನ ಕನ್ನಡಿ ತಪ್ಪಿದ ಮೇಲೂ ಜೋಕು ಮಾತ್ರ ತಪ್ಪಲಿಲ್ಲ. ಕಳೆದ ವರ್ಷ ಹೆಂಡತಿಯ ಮಂಡಿಗೆ ಆಪರೇಷನ್ ಆಯಿತು. ಅಲ್ಲಿಂದೀಚೆಗೆ ಒಬ್ಬರೇ ಹೋಗುತ್ತಿದ್ದರು.

"ನೀನೂ ಬಾ. ದಾರಿ ತಪ್ಪಿದ್ರೆ ಅವತ್ತೇ ಈ ಬೂಟು ಗುಜರಿಗೆ ಹಾಕ್ತೀನಿ" ಎಂದರು ಮಗಳಿಗೆ, ಸ್ವಲ್ಪ ಜೋರಾಗಿಯೇ.

"ಆಯ್ತು. ಆದ್ರೆ ದಾರಿಯಲ್ಲಿ ನಾನು ತುಟಿ ಬಿಚ್ಚಲ್ಲ."

ಭಾನುವಾರ ರೈಲು ಹತ್ತಿದ ಮೇಲೆ ಟಿಕೆಟ್ ನೋಡಲು ಬಂದವನು ಬಾಂಬು ಹಾಕಿದ. ಪುಟ್ಟ ಸ್ಟೇಷನ್ನಿನಲ್ಲಿ ಹೋಗುವ ಕಡೆಯ ಪ್ಲಾಟ್‌ಫಾರಂ ಅಗೆದಿದ್ದಾರಂತೆ, ಗಾಡಿ ನಿಲ್ಲುವುದಿಲ್ಲ. ಬರುವ ಗಾಡಿಗೆ ಏನೂ ತೊಂದರೆಯಿಲ್ಲ. ಮಗಳು ಅಪ್ಪನ ಮುಖ ನೋಡಿದಳು.

"ಅದಕ್ಕೇನಂತೆ? ಆಚೆ ಸ್ಟೇಷನ್ನಲ್ಲಿ ಇಳಿದು ಈಚೆಗೆ ನಡೆದ್ರಾಯ್ತು. ಅದೇ ದಾರಿ ತಾನೆ?"

ಅದೇ ದಾರಿ ಎಂದು ಅವರೇನೋ ಹೇಳಿದರು. ದಾರಿ ಹಾಗೆ ಹೇಳಬೇಕಲ್ಲ!

ಆಚೆ ಸ್ಟೇಷನ್ ಬಿಟ್ಟು ಸ್ವಲ್ಪ ದೂರಕ್ಕೆ ಪಂಪ್‌ಹೌಸ್ ಸಿಗಬೇಕು, ಹಸಿರು ಬಾಗಿಲಿನದು. ಒಂದು ಕಟ್ಟಡವೇನೋ ಸಿಕ್ಕಿತು, ಆದರೆ ಅದಕ್ಕೆ ಬಾಗಿಲೇ ಇರಲಿಲ್ಲ, ಬರೀ ಬೋಳು ಗೋಡೆ. ಇದಲ್ಲವೇನೋ ಎಂದು ಅನುಮಾನಿಸುತ್ತಲೇ ದಾಟಿದರು. ಮೆಲ್ಲಗೆ ಏರಿ ಹೋಗುತ್ತಿದ್ದ ಗುಡ್ಡ ಇವತ್ತು ಮೂಗಿಗೆ ತಾಗುವಷ್ಟು ಕಡಿದಾಗಿ ಎದುರು ನಿಂತಿತ್ತು. ಹೇಗೋ ಹತ್ತಿ ಇಳಿದರೆ, ಕಾಲುವೆಯ ಬಳಿ ದಾರಿ ಮೂರಾಗಿ ಒಡೆದಿತ್ತು.

ಡ್ರೈವರಪ್ಪ ನಿಂತುಬಿಟ್ಟರು. ಇಷ್ಟು ವರ್ಷ ಇಲ್ಲಿ ಒಂದೇ ದಾರಿಯಿತ್ತು! ಆ ಕಡೆಯಿಂದ ಬರುವವನಿಗೆ ಮೂರೂ ಕೂಡಿ ಒಂದಾಗುವ ಜಾಗ ಅದು, ಪಕ್ಕದಿಂದ ಬಂದು ಸೇರಿಕೊಳ್ಳುವ ಇನ್ನೆರಡನ್ನು ಯಾರು ಗಮನಿಸುತ್ತಾರೆ? ಇದು ಅವರಿಗೆ ಆಗ ಹೊಳೆಯಲಿಲ್ಲ.

"ಹೊಸದಾಗಿ ಮಾಡಿರ್ಬೇಕು" ಎಂದರು.

ಮೂರು ದಾರಿಯೂ ಸವೆದು ಹಳ್ಳ ಬಿದ್ದಿದ್ದವು. ಮಗಳು ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ, ಅದಕ್ಕಿಂತ ಅವಳು ಬೈದಿದ್ದರೇ ವಾಸಿಯಿತ್ತು. ಎಡಗಡೆಯದನ್ನು ಹಿಡಿದರು. ಅದು ಯಾರದೋ ತೋಟದ ಗೇಟಿಗೆ ಹೋಗಿ ಮುಗಿಯಿತು, ಒಳಗಿದ್ದ ನಾಯಿ ಇಬ್ಬರಿಗೂ ಸೇರಿಸಿ ಬೊಗಳಿತು. ವಾಪಸು ಬಂದು ಅದೇ ಕವಲಿನಲ್ಲಿ ಕಣ್ಣು ಬಿಟ್ಟುಕೊಂಡು ನಿಂತರು. ದಾರಿ ಬದಲಾಯಿತೋ, ತಮ್ಮ ತಲೆಯೇ ಕೆಟ್ಟಿತೋ? ದಾರಿ ತಪ್ಪಿದ್ದಕ್ಕೆ ಭಯವಿರಲಿಲ್ಲ, ಯಾರನ್ನಾದರೂ ಕೇಳಬಹುದು. ನಾಳೆ ಇದೇ ಥರ ಮನೆಯ ಬಚ್ಚಲು ಯಾವ ಕಡೆಗೆಂದು ಮಗಳನ್ನು ಕೇಳಬೇಕಾದೀತೇ ಎಂಬುದೇ ಅವರ ಭಯ.

"ಒಂದು ನಿಮಿಷ, ಬಂದೆ" ಎಂದು ಕಿರುಬೆರಳು ತೋರಿಸಿ ಪೊದೆಯ ಮರೆಗೆ ಹೋದರು. ಅಲ್ಲಿ ಮಾಡಿದ ಕೆಲಸವೇ ಬೇರೆ. ಹೆಂಡತಿಗೆ ಫೋನು ಹಚ್ಚಿದರು.

"ಇವಳೇ, ಕಾಲುವೆ ಹತ್ರ ದಾರಿ ಮೂರಾಗಿದೆ ಕಣೇ!" ಎಂದು ಪಿಸುಗುಟ್ಟಿದರು.

"ಆ ಕಡೆಯಿಂದ ಬರ್ತಿದ್ದೀರಾ? ತುದಿ ಮುರಿದಿರೋ ಚಿಮಣಿ ಕಾಣುತ್ತಾ ನೋಡಿ."

"ಇಟ್ಟಿಗೆ ಗೂಡಿನ ಚಿಮಣಿ ಸರಿಯಾಗೇ ಇತ್ತಲ್ಲೇ?"

"ನೀವು ನೋಡಿರೋ ಕಡೆಯಿಂದ ಸರಿಯಾಗಿದೆ. ಬೆನ್ನಿನ ಕಡೆ ಮುರಿದಿದೆ."

ನೋಡಿದರು. ಮುರಿದಿತ್ತು. ಅದಕ್ಕೆ ನೇರವಾಗಿ ನಡುವಿನ ದಾರಿ ಹಿಡಿಯಿರಿ, ಮುಂದೆ ಮೋರಿಯ ಕಟ್ಟೆ ಬರುತ್ತದೆ, ಆಮೇಲೆ ಅಡ್ಡ ಬಿದ್ದ ಮರ, ಅದರಾಚೆ ಚಪ್ಪಟೆ ಬಂಡೆ, ಅಲ್ಲಿಂದ ಸ್ಟೇಷನ್ನಿನ ನೀರಿನ ಟ್ಯಾಂಕ್ ಕಾಣುತ್ತದೆ ಎಂದು ಅಡುಗೆಮನೆಯಲ್ಲಿ ಕೂತವಳು ಎದುರಿಗೆ ಕಂಡವಳಂತೆ ಹೇಳಿದಳು.

"ನೀನ್ಯಾವಾಗ ಈ ಕಡೆಯಿಂದ ಬಂದಿದ್ದೆ?"

"ಎಲ್ಲಿ ಬಂದೆ? ತಿರುಗಿ ನೋಡ್ತಿದ್ದೆ ಅಷ್ಟೆ. ಒಲೆ ಮೇಲೆ ಹಾಲಿದೆ, ಇಡ್ತೀನಿ."

ಡ್ರೈವರಪ್ಪನಿಗೆ ಹೋದ ಜೀವ ಬಂತು. ಮರೆತದ್ದಲ್ಲ! ನೋಡಿದ್ದರೆ ತಾನೇ ಮರೆಯುವುದು? ಪೊದೆಯಿಂದ ಈಚೆಗೆ ಬಂದವರು ರಾಜಠೀವಿಯಿಂದ ನಡುವಿನ ದಾರಿಯಲ್ಲಿ ಹೆಜ್ಜೆ ಹಾಕಿದರು. ಮೋರಿಯ ಕಟ್ಟೆ ಸಿಕ್ಕಿತು. ಮಗಳು ಅದರ ಮೇಲೆ ಕೂತು ನೀರು ಕುಡಿದಳು. ಅಡ್ಡ ಬಿದ್ದ ಮರ ಸಿಕ್ಕಿತು, ಕಾಲು ನೋಯುತ್ತಿದ್ದ ಮಗಳು ಅಲ್ಲೂ ಕೂತಳು. ಚಪ್ಪಟೆ ಬಂಡೆ ಬರುವ ಹೊತ್ತಿಗೆ ಡ್ರೈವರಪ್ಪನ ನಡಿಗೆ ನಿಧಾನವಾಗಿತ್ತು. ಹೆಂಡತಿ ಹೇಳಿದ ಗುರುತುಗಳೆಲ್ಲ ಕೂರುವ ಜಾಗಗಳೇ ಏಕೆ? ದಾರಿಯುದ್ದಕ್ಕೂ ಇನ್ನೇನೇನೋ ಇತ್ತು, ಬಾವಿ, ಬೇಲಿ, ಹಳದಿ ಮನೆ. ಅವಳ ಬಾಯಲ್ಲಿ ಅವು ಬರಲೇ ಇಲ್ಲ.

ರೈಲಿನಲ್ಲಿ ಮಗಳು ತುಟಿ ಬಿಚ್ಚಿದಳು. "ಪೊದೆ ಹಿಂದಿನ ಫೋನು ನನಗೂ ಕೇಳಿಸ್ತು, ಅಪ್ಪ. ನಿನಗೆ ಮರೆವಿಲ್ಲ, ಬಿಡು. ಸ್ಕೂಟರ್ ವಿಷಯ ಬರೀ ಅಜಾಗರೂಕತೆ. ಹೋಗಿ ಬಾ ಭಾನುವಾರ."

ಗೆದ್ದಿದ್ದರು. ಹಾಗಿದ್ದೂ ಏನೋ ಕಳೆದುಕೊಂಡವರ ಹಾಗೆ ಕಿಟಕಿಯಾಚೆ ನೋಡುತ್ತ ಕೂತರು.

ಮನೆಯ ಬಾಗಿಲು ತೆರೆದ ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಯ ಕಡೆ ನಡೆದಳು. ಡ್ರೈವರಪ್ಪ ಹಿಂದೆ ನಿಂತು ನೋಡಿದರು. ಅವಳು ಮುಂದೆ, ತಾವು ಹಿಂದೆ. ಹೀಗೆ ನೋಡಿದ್ದು ಯಾವಾಗ ಎಂದು ನೆನಪಾಗಲಿಲ್ಲ.

"ಮಂಡಿ ನೋವು ಯಾವಾಗಿಂದ?"

ಅವಳು ನಿಂತಳು, ಆದರೆ ತಿರುಗಲಿಲ್ಲ. "ಇವಳನ್ನ ಸ್ಕೂಲಿಗೆ ಸೇರಿಸಿದ ವರ್ಷದಿಂದ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ನಡಿಗೆ ನಿಲ್ಲಿಸಿಬಿಡ್ತಿದ್ರಿ, ಪಾಪ. ವಾರಕ್ಕೆ ಅದೊಂದೇ ಅಲ್ವಾ ನಿಮಗೆ ಖುಷಿ? ಅದಕ್ಕೇ ಚೆನ್ನಾಗಿದೆ, ತಿರುಗಿ ನೋಡಿ ಅಂತ ಕೂಗೋದು. ನೀವು ತಿರುಗೋ ಹೊತ್ತಿಗೆ ಒಂದು ಗಳಿಗೆ ಕೂತ್ಕೊಳ್ಬಹುದು ಅಂತ."

ಅವರು ಒಂದು ಸಲವೂ ತಿರುಗಿರಲಿಲ್ಲ. ಡ್ರೈವರಪ್ಪ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಕೂತು ಒಂದು ಕಾಲಿನ ಬೂಟು ಬಿಚ್ಚಿದರು. ಅವಳು ಹೇಳಿದ್ದಿದ್ದರೆ ತಾವು ನಿಜಕ್ಕೂ ನಿಲ್ಲಿಸುತ್ತಿದ್ದರೇ? ನಿಲ್ಲಿಸುತ್ತಿದ್ದೆ ಎಂದು ಹೇಳಲು ಬಾಯಿ ತೆರೆದರು. ಎಷ್ಟು ಯೋಚಿಸಿದರೂ ಅವರಿಗೆ ಗೊತ್ತಾಗಲಿಲ್ಲ. ಒಂದು ಬೂಟು ಕೈಯಲ್ಲಿ, ಇನ್ನೊಂದು ಕಾಲಲ್ಲಿ ಹಾಗೇ ಕೂತಿದ್ದರು.