ಚಿತ್ರವಿಲ್ಲದ ಡಬ್ಬಿಗಳು

ಮೊನ್ನೆ ಭಾನುವಾರ ನನ್ನ ಮೊಮ್ಮಗಳು ನಾನು ಬರೆಯುವ ಮೇಜನ್ನೇ ಆಕ್ರಮಿಸಿಕೊಂಡು ಉಗುರಿಗೆ ಬಣ್ಣ ಹಚ್ಚುತ್ತ ಕುಳಿತಿದ್ದಳು. ಶೀಶೆಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕಿಟಕಿ ತೆಗಿ, ಇಲ್ಲದಿದ್ದರೆ ಹೊರಗೆ ಹೋಗಿ ಹಚ್ಚಿಕೋ ಎಂದು ಗದರಿಬಿಟ್ಟೆ. ಮೀನಿನ ಪೇಟೆಯ ನಡುವೆ ನಿಂತು ಆರಾಮವಾಗಿ ಹರಟೆ ಹೊಡೆಯುವ ತಾತನಿಗೆ ಇಷ್ಟೇ ಇಷ್ಟು ಬಣ್ಣದ ವಾಸನೆ ಯಾಕೆ ತಡೆಯಲಾಗುವುದಿಲ್ಲವೆಂದು ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಅವಳ ತಪ್ಪೇನಿಲ್ಲ. ಫಿಲ್ಮಿನ ತುಂಡುಗಳನ್ನು ಒಂದಕ್ಕೊಂದು ಅಂಟಿಸುವ ದ್ರವಕ್ಕೂ ಹೆಚ್ಚುಕಡಿಮೆ ಇದೇ ವಾಸನೆ. ಆ ವಾಸನೆ ತುಂಬಿದ್ದ ಒಂದು ಕೋಣೆಯಲ್ಲಿ, ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಎಂಥ ದಡ್ಡನೆಂಬುದು ನನಗೆ ಗೊತ್ತಾಯಿತು. ಅದನ್ನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ಸ್ವಲ್ಪ ಸಾವಕಾಶವಾಗಿ ಕೇಳಿ.

ನಾನು ಕಲ್ಕತ್ತೆಗೆ ಬಂದಾಗ ಕೆಂಪು ಬಾವುಟದ ಸರಕಾರ ಬಂದು ನಾಲ್ಕೈದು ವರ್ಷವಾಗಿತ್ತು. ಸೆಣಬಿನ ಗಿರಣಿಯ ಕೂಲಿಗಾರರ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೇಳಿಕೊಂಡು ಬಂದವನು, ಗಿರಣಿಯ ಕಡೆ ಹೋದದ್ದಕ್ಕಿಂತ ಸಿನಿಮಾ ನೋಡಿದ್ದೇ ಹೆಚ್ಚು. ಗಡ್ಡ ಬಿಟ್ಟಿದ್ದೆ. ಹೆಗಲಿಗೆ ಬಟ್ಟೆಯ ಚೀಲ ಇತ್ತು. ಒಂದು ಫಿಲ್ಮ್ ಸೊಸೈಟಿಯ ಸದಸ್ಯನಾಗಿ ಭಾನುವಾರ ಬೆಳಿಗ್ಗೆ ವಿದೇಶಿ ಚಿತ್ರ ನೋಡಿ, ಆಮೇಲೆ ಮಂಡಕ್ಕಿ ಮುಕ್ಕುತ್ತ ಮಧ್ಯಾಹ್ನದವರೆಗೆ ವಾದ ಮಾಡುವುದು ನನ್ನ ಮುಖ್ಯ ಕಸುಬಾಗಿತ್ತು. ನಮ್ಮ ಗುಂಪಿನಲ್ಲಿ ಎಲ್ಲರೂ ಒಪ್ಪುತ್ತಿದ್ದ ಮಾತು ಒಂದೇ ಒಂದು: ಸಿನಿಮಾ ಎಂದರೆ ಕಣ್ಣಿನ ಕಲೆ, ಅದು ಬಾಯಿ ಬಿಟ್ಟ ದಿನವೇ ಕೆಟ್ಟಿತು. ಸಂಕಲನದ ಬಗ್ಗೆ ನಾನು ಕನ್ನಡದಲ್ಲಿ ಮೂರು ಗಂಭೀರ ಲೇಖನಗಳನ್ನೂ ಬರೆದಿದ್ದೆ. ಫಿಲ್ಮನ್ನು ಕೈಯಲ್ಲಿ ಮುಟ್ಟಿರಲಿಲ್ಲ ಎನ್ನುವುದು ಬೇರೆ ವಿಷಯ.

ಊಟಕ್ಕೆ ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿದ್ದ ಗಿರಿಜಕ್ಕನ ಹೋಟೆಲು. ಹೋಟೆಲೆಂದರೆ ಆರು ಮೇಜು, ಒಂದು ಅಡುಗೆಮನೆ. ಕಲ್ಕತ್ತೆಯ ಪಟೋಲ್ ಕಾಯಿ ಹಾಕಿ ಆಕೆ ಮಾಡುತ್ತಿದ್ದ ಕೊದ್ದೆಲಿನ, ಅಂದರೆ ಕರಾವಳಿಯ ಹುಳಿಯ, ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಆಗ ಆಕೆಗೆ ಐವತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡಿದ್ದರು, ಮಗಳು ಶುಭಾ ಶಾಲೆಗೆ ಹೋಗುತ್ತಿದ್ದಳು. ಗಿರಿಜಕ್ಕ ಮಾತಿಗೆ ಸಿಗುತ್ತಿದ್ದುದು ಲೋಡ್ ಶೆಡ್ಡಿಂಗ್ ಆದಾಗ ಮಾತ್ರ. ಮಧ್ಯಾಹ್ನ ಕರೆಂಟು ಹೋಗಿ ಗ್ರೈಂಡರ್ ನಿಂತರೆ ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದರು. ಊರೆಲ್ಲ ವಿದ್ಯುತ್ ಮಂಡಲಿಯನ್ನು ಬೈಯುತ್ತಿದ್ದ ಕಾಲದಲ್ಲಿ ನಾನೊಬ್ಬ ಅದಕ್ಕೆ ಕೃತಜ್ಞನಾಗಿದ್ದೆ.

ಅಂಥ ಒಂದು ಮಧ್ಯಾಹ್ನ, ನಾನು ಸಿನಿಮಾದ ಬಗ್ಗೆ ಏನೋ ಕೊಚ್ಚಿಕೊಳ್ಳುತ್ತಿದ್ದಾಗ, ತನ್ನ ತಾಯಿಯೂ ಸಿನಿಮಾದಲ್ಲಿದ್ದಳೆಂದು ಗಿರಿಜಕ್ಕ ಹೇಳಿದರು. ಧಾರವಾಡದ ಕಡೆಯ ನಾಟಕ ಕಂಪನಿಯ ನಟಿ ಆಕೆ. ಮಾತಾಡುವ ಚಿತ್ರಗಳು ಹೊಸದಾಗಿ ಬಂದ ಕಾಲ. ನಮ್ಮಲ್ಲಿ ಸ್ಟುಡಿಯೋ ಇರಲಿಲ್ಲವೆಂದು ಇಡೀ ಕಂಪನಿ ಪೆಟ್ಟಿಗೆ, ಪರದೆ, ಅಡುಗೆಯವರ ಸಮೇತ ರೈಲು ಹತ್ತಿ ಇಲ್ಲಿನ ಸ್ಟುಡಿಯೋಗಳಿದ್ದ ಟಾಲಿಗಂಜಿಗೆ ಬಂದು ಒಂದು ಕನ್ನಡ ಚಿತ್ರ ಮುಗಿಸಿತ್ತು. ಮುಗಿಸಿದ ವಾರದಲ್ಲೇ ಆ ತಾಯಿ ಜ್ವರ ಬಂದು ತೀರಿಕೊಂಡಳು. ಐದು ವರ್ಷದ ಮಗುವನ್ನು ಕಂಪನಿಯಲ್ಲಿ ಅಡುಗೆ ಮಾಡುತ್ತಿದ್ದ ಕುಂದಾಪುರದ ಐತಾಳರು ಇಲ್ಲೇ ಉಳಿದು ಸಾಕಿದರು. ಅವರು ತೆರೆದ ಹೋಟೆಲನ್ನೇ ಈಗ ಆಕೆ ನಡೆಸುತ್ತಿದ್ದುದು. ಧಾರವಾಡದ ತಾಯಿಯ ಮಗಳು ಕುಂದಾಪುರದ ಕಡೆಯ ಕನ್ನಡ ಆಡುವುದು ಯಾಕೆಂದು ನನಗೆ ಅರ್ಥವಾದದ್ದು ಆವತ್ತು.

ಚಿತ್ರ ಊರಿನ ಕಡೆ ನಾಲ್ಕು ದಿನ ಓಡಿ ಮರೆಯಾಯಿತಂತೆ. ಗಿರಿಜಕ್ಕ ಅದನ್ನು ನೋಡಿರಲಿಲ್ಲ. ಆದರೆ ತಾಯಿ ಹಾಡಿದ ದಿನ ಸ್ಟುಡಿಯೋದಲ್ಲಿದ್ದರು. ಆಗೆಲ್ಲ ನಟಿಸುವಾಗಲೇ ಹಾಡಬೇಕು, ಒಂದು ಕೆಮ್ಮು ಕೇಳಿದರೂ ಎಲ್ಲ ಹಾಳು. ಮಗು ಸದ್ದು ಮಾಡೀತೆಂದು ಯಾರೋ ಅದರ ಬಾಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡಿದ್ದರು. ಆ ಕೈಗಿದ್ದ ಬೀಡಿಯ ವಾಸನೆ ಆಕೆಗೆ ನೆನಪಿತ್ತು, ಹಾಡು ನೆನಪಿರಲಿಲ್ಲ.

"ಅಮ್ಮನ ಮುಖ ನೋಡುಕೆ ಫೋಟೋ ಉಂಟು ಮಾರಾಯ್ರೆ," ಎಂದರು. "ದನಿ ಇಲ್ಲ. ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂತ್ರೂ ಬರುದಿಲ್ಲ. ಒಂದು ಸಲ ಕೇಳ್ಬೇಕು, ಅಷ್ಟೆ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು, ನೋಡಿ. ಆದರೆ ನಾನು ಕೇಳಿಸಿಕೊಂಡದ್ದು ಕಳೆದುಹೋದ ಒಂದು ಕನ್ನಡ ಚಿತ್ರದ ಸಂಗತಿಯನ್ನು ಮಾತ್ರ. ಅದನ್ನು ಹುಡುಕಿ ತೆಗೆದರೆ ನನ್ನ ಹೆಸರು ಎಲ್ಲೆಲ್ಲಿ ಬರುತ್ತದೆಂದು ಅಲ್ಲೇ ಲೆಕ್ಕ ಹಾಕತೊಡಗಿದ್ದೆ. ಸೊಸೈಟಿಯ ಗೆಳೆಯರಿಗೆ ಗಂಟುಬಿದ್ದೆ. ಎರಡು ಚಳಿಗಾಲ ಟಾಲಿಗಂಜಿನ ಬೀದಿಗಳನ್ನು ಸುತ್ತಿದೆ. ಕೊನೆಗೊಬ್ಬರು, ಮುಚ್ಚಿಹೋದ ಒಂದು ಸ್ಟುಡಿಯೋದ ಉಗ್ರಾಣದಲ್ಲಿ 'ಮದ್ರಾಸಿ' ಎಂದು ಬರೆದ ಡಬ್ಬಿಗಳಿವೆ, ಹೋಗಿ ನೋಡು ಎಂದರು.

ಉಗ್ರಾಣ ಕಾಯುತ್ತಿದ್ದವರು ದತ್ತಬಾಬು ಎಂಬ ಮುದುಕರು. ಆಯುಷ್ಯವೆಲ್ಲ ಮರದ ಕತ್ತಿ, ರಟ್ಟಿನ ಸಿಂಹಾಸನಗಳನ್ನು ನೋಡಿಕೊಂಡವರು. ಫಿಲ್ಮಿನ ಕೋಣೆಯ ಬೀಗದ ಕೈ ಈಚೆಗೆ ಅವರ ಪಾಲಿಗೆ ಬಂದಿತ್ತು. ಹಳೆಯ ಫಿಲ್ಮು ತಟ್ಟನೆ ಬೆಂಕಿ ಹೊತ್ತಿಕೊಳ್ಳುವ ವಸ್ತುವೆಂದು ಮಾಲೀಕರು ಎಲ್ಲವನ್ನೂ ಗುಜರಿಯವನಿಗೆ ಕೊಡಲು ಹೇಳಿದ್ದರು. ಬೇಕಾದ್ದಿದ್ದರೆ ಆರಿಸಿಕೊಳ್ಳಿ, ಈ ವಾರದೊಳಗೆ ಹೇಳಿ ಎಂದು ಅವರು ನನ್ನೊಬ್ಬನನ್ನೇ ಒಳಗೆ ಬಿಟ್ಟರು. ಹನ್ನೊಂದು ಡಬ್ಬಿಗಳ ಮೇಲೆ ನಾನು ಹುಡುಕುತ್ತಿದ್ದ ಚಿತ್ರದ ಹೆಸರೇ ಇತ್ತು.

ಎರಡು ಡಬ್ಬಿ ತೆರೆದಾಗ ಕಂದು ಪುಡಿ ಸುರಿಯಿತು. ಉಳಿದ ಒಂಬತ್ತರಲ್ಲಿ ಫಿಲ್ಮು ಚೆನ್ನಾಗಿಯೇ ಇತ್ತು. ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನಷ್ಟು ತಿಳಿಯಾದ ಪಟ್ಟಿ, ಅಂಚಿನಲ್ಲಿ ಮಾತ್ರ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾದ ಸಣ್ಣ ಗೆರೆಗಳು. ಮುಖವಿಲ್ಲ, ಮನೆಯಿಲ್ಲ, ಮರವಿಲ್ಲ. ಮಾರುಗಟ್ಟಲೆ ಎಳೆದೆ. ಒಂಬತ್ತನ್ನೂ ಬಿಡದೆ ನೋಡಿದೆ. ಏನಾದರೂ ಇದೆಯೇ ಎಂದು ದತ್ತಬಾಬು ಕೇಳಿದಾಗ, ತಜ್ಞನ ಗತ್ತಿನಲ್ಲಿ, ಏನೂ ಇಲ್ಲ, ಖಾಲಿ ಫಿಲ್ಮು ಎಂದೆ. ಅವರು ರಿಜಿಸ್ಟರಿನಲ್ಲಿ ಆ ಸಾಲಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು.

ಗಿರಿಜಕ್ಕನಿಗೆ ಅವತ್ತೇ ಹೋಗಿ ಹೇಳಿದೆ. ಡಬ್ಬಿ ಸಿಕ್ಕವು, ಒಳಗೆ ಏನೂ ಇರಲಿಲ್ಲ ಎಂದೆ. ಆಕೆ ಒಲೆಯ ಉರಿ ತಗ್ಗಿಸಿ ಸೌಟು ಕೈಗೆ ತೆಗೆದುಕೊಂಡರು. ಆಮೇಲೆ, "ಹೋಗ್ಲಿ ಬಿಡಿ, ನಮ್ಮ ಅಮ್ಮನಿಗೋಸ್ಕರ ನೀವಾದ್ರೂ ಇಷ್ಟು ತಿರುಗಿದ್ರಲ್ಲ" ಎಂದು ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ನಾನು ಉಂಡೆ. ಆ ತಿಂಗಳೇ ಒಂದು ಕನ್ನಡ ವಾರಪತ್ರಿಕೆಗೆ, ಈ ಚಿತ್ರದ ಯಾವ ಭಾಗವೂ ಉಳಿದಿಲ್ಲವೆಂದು ಬಹಳ ದುಃಖದ ಲೇಖನ ಬರೆದೆ. ಮೆಚ್ಚುಗೆಯ ಪತ್ರಗಳು ಬಂದವು.

ಇದಾಗಿ ಮೂರು ವರ್ಷದ ಮೇಲೆ ಗೆಳೆಯನೊಬ್ಬನ ಸಾಕ್ಷ್ಯಚಿತ್ರದ ಕೆಲಸಕ್ಕೆಂದು ಸಂಕಲನದ ಕೋಣೆಗೆ ಹೋಗಿದ್ದೆ. ನಾನು ಮೊದಲೇ ಹೇಳಿದ ವಾಸನೆಯ ಕೋಣೆ ಅದೇ. ವಯಸ್ಸಾದ ಸಂಕಲನಕಾರರ ಕೊರಳಲ್ಲಿ ಫಿಲ್ಮಿನ ತುಂಡುಗಳು ನೇತಾಡುತ್ತಿದ್ದವು. ಅದರಲ್ಲೊಂದರ ಅಂಚಿನಲ್ಲಿ ಅವೇ ಬಾಚಣಿಗೆ ಹಲ್ಲಿನ ಗೆರೆಗಳು, ಉಳಿದದ್ದೆಲ್ಲ ಖಾಲಿ. ಇದು ಹಾಳಾದ ಫಿಲ್ಮೇ ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಇದು ಧ್ವನಿ, ಚಿತ್ರ ಬೇರೆ ಡಬ್ಬಿಯಲ್ಲಿರುತ್ತದೆ ಎಂದರು. ಮೊದಲಿನಿಂದಲೂ ಹಾಗೆಯೇ ಅಂತೆ. ಮೂಲದಲ್ಲಿ ಎರಡನ್ನೂ ಬೇರೆಬೇರೆ ಫಿಲ್ಮಿನ ಮೇಲೆ ಹಿಡಿದು, ಕೊನೆಗೆ ಥಿಯೇಟರಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಒಂದು ಮಾಡುತ್ತಾರಂತೆ. ಸಂಕಲನದ ಬಗ್ಗೆ ಮೂರು ಲೇಖನ ಬರೆದವನಿಗೆ ಇಷ್ಟೂ ಗೊತ್ತಿರಲಿಲ್ಲ.

ಅಲ್ಲಿಂದ ನೇರ ಟಾಲಿಗಂಜಿಗೆ ಓಡಿದೆ. ಉಗ್ರಾಣದಲ್ಲಿ ಯಾವುದೋ ಕಂಪನಿಯ ಟಿ.ವಿ. ಪೆಟ್ಟಿಗೆಗಳಿದ್ದವು. ದತ್ತಬಾಬು ತೀರಿಕೊಂಡಿದ್ದರು. ಗುಜರಿಯವನನ್ನು ಹುಡುಕಿ ಹಿಡಿದರೆ, ಅವನಿಗೆ ಚೆನ್ನಾಗಿ ನೆನಪಿತ್ತು. ಫಿಲ್ಮಿನಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಎಲ್ಲವನ್ನೂ ತೊಳೆದಾಯಿತು, ಆ ಮದ್ರಾಸಿ ಡಬ್ಬಿಗಳಲ್ಲಿ ಬೆಳ್ಳಿಯೂ ಸರಿಯಾಗಿ ಬರಲಿಲ್ಲ ಎಂದು ಅವನು ನನ್ನೆದುರೇ ಬೇಸರಪಟ್ಟುಕೊಂಡ. ಗಿರಿಜಕ್ಕ ಕೇಳಬೇಕೆಂದಿದ್ದ ದನಿಯನ್ನು ನಾನು ಕೈಯಾರೆ ಬಿಚ್ಚಿ, ನೋಡಿ, ಏನೂ ಇಲ್ಲವೆಂದು ಸಹಿ ಹಾಕಿ ಕೊಟ್ಟಿದ್ದೆ.

ಹೇಳಿಬಿಡಬೇಕೆಂದೇ ಹೋಟೆಲಿಗೆ ಹೋದೆ. ಗಿರಿಜಕ್ಕ, ಯಾಕೆ ಮುಖ ಬಾಡಿದೆ, ಜ್ವರವೇ ಎಂದು ವಿಚಾರಿಸಿ ಮೆಣಸಿನ ಸಾರು ಮಾಡಿಕೊಟ್ಟರು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಅದಾದ ಮೇಲೆ ಏಳು ವರ್ಷ ಆ ಕೈಯ ಊಟ ಉಂಡೆ. ಇಲ್ಲೇ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಸಂಸಾರ ಕರೆದುಕೊಂಡು ಹೋಗಿ ಅಲ್ಲೇ ಊಟ ಮಾಡಿಸಿದೆ. ಗಿರಿಜಕ್ಕ ನನ್ನ ಹೆಂಡತಿಗೆ, ಇವರು ನಮ್ಮ ಅಮ್ಮನನ್ನು ಹುಡುಕಿದವರು ಎಂದು ಪರಿಚಯ ಮಾಡಿಕೊಟ್ಟರು. ಆಗಲೂ ಬಾಯಿ ಬಿಡಲಿಲ್ಲ. ಕೊನೆಗೆ ಆಕೆಯೇ ಹೋಗಿಬಿಟ್ಟರು. ಅರಿಯದೆ ಮಾಡಿದ ತಪ್ಪಿಗೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು. ಈ ಏಳು ವರ್ಷಕ್ಕೆ ನನ್ನಲ್ಲಿ ಯಾವ ಸಮಾಧಾನವೂ ಇಲ್ಲ.

ಉಗುರಿನ ಬಣ್ಣಕ್ಕೆ ನಾನು ಅಷ್ಟು ಸಿಡುಕಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ದಿನ ಮೈಸೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಕಳೆದುಹೋದ ಹಳೆಯ ಕನ್ನಡ ಟಾಕಿಗಳನ್ನು ಹುಡುಕುವ ಹುಚ್ಚಿನವರ ಗುಂಪೊಂದಿದೆಯಂತೆ. ಎಲ್ಲಾದರೂ, ಯಾರ ಅಟ್ಟದ ಮೇಲಾದರೂ ಒಂದು ಪ್ರತಿ ಇದ್ದೇ ಇರುತ್ತದೆಂದು ನಂಬಿದವರು. ಈ ಚಿತ್ರದ ಬಗ್ಗೆ ಅವರ ಬಳಿ ಇದ್ದದ್ದು ನನ್ನ ಲೇಖನ ಒಂದೇ. ಹಾಡಿದ ನಟಿಯ ಹೆಸರು ಲೇಖನದಲ್ಲಿಲ್ಲ, ಗೊತ್ತಿದ್ದರೆ ಹೇಳಿ ಸರ್ ಎಂದು ವಿನಯವಾಗಿ ಕೇಳಿದ. ನಿರ್ದೇಶಕನ ಹೆಸರು, ಕ್ಯಾಮೆರಾ ಹಿಡಿದವನ ಹೆಸರು, ದೀಪ ಹಿಡಿದವನ ಹೆಸರನ್ನೂ ಬರೆದಿದ್ದೆ. ಆಕೆಯ ಹೆಸರನ್ನು ನಾನು ಗಿರಿಜಕ್ಕನಲ್ಲಿ ಕೇಳಿರಲೇ ಇಲ್ಲ.

ಮೊಮ್ಮಗಳು ಎದ್ದುಹೋದ ಮೇಲೆ ಫೋನು ಕೈಗೆತ್ತಿಕೊಂಡೆ. ಗಿರಿಜಕ್ಕನ ಮಗಳು ಶುಭಾಳ ನಂಬರು ಇತ್ತು. ಐಟಿ ಕಂಪನಿಗಳ ಸೆಕ್ಟರ್ ಫೈವ್‌ನಲ್ಲಿ ಅವಳ ಆಫೀಸು, ಇನ್ನೇನು ನಿವೃತ್ತಿ ಹತ್ತಿರ. ವಿಜಯದಶಮಿಗೆ ವರ್ಷಕ್ಕೊಮ್ಮೆ ನಮಸ್ಕಾರ ಹೇಳಿಕೊಳ್ಳುವಷ್ಟು ಮಾತು ಉಳಿದಿತ್ತು. ಕರೆ ಮಾಡಿ, ನಿನ್ನ ಅಜ್ಜಿಯ ಹೆಸರೇನಮ್ಮ, ಆ ಸಿನಿಮಾದ ಅಜ್ಜಿಯದು ಎಂದೆ.

"ಚಂದ್ರಾಬಾಯಿ, ಅಂಕಲ್," ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ಯಾಕೆ? ಕುಛ್ ಮಿಲಾ ಕ್ಯಾ? ಅಮ್ಮ ಲಾಸ್ಟ್ ತನಕ ಹೇಳ್ತಾ ಇದ್ರು, ಬೇರೆ ಡಬ್ಬಿ ಇರ್ತದೆ, ಮೇಷ್ಟ್ರು ಹುಡುಕ್ತಾರೆ ಅಂತ. ಸಿಕ್ತಾ ಅಂಕಲ್?"

"ಸಿಕ್ಕಿತ್ತಮ್ಮ," ಎಂದೆ. "ನನಗೇ ಸಿಕ್ಕಿತ್ತು."