ಕಬ್ಬಿನ ಮೊಣಕೈ

ವಿಜ್ಞಾನದ ಮೇಷ್ಟ್ರಾದ ನಾನು ದೆವ್ವ, ಪವಾಡ ಎಂದವರನ್ನು ಗೇಲಿ ಮಾಡಿಕೊಂಡೇ ಬಂದವನು. ಈಗಲೂ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಮಂಡ್ಯದಲ್ಲಿ ನನ್ನ ಕಣ್ಣೆದುರೇ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನೀವು ನಕ್ಕರೂ ಬೇಸರವಿಲ್ಲ.

ಭಾರತೀನಗರದ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅಸ್ಥಿಪಂಜರದ ಮಾದರಿ ಇರಲಿಲ್ಲ. ಜಿಲ್ಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇರೆ ಶಾಲೆಯವರು ಪ್ಲಾಸ್ಟಿಕ್ಕಿನದು ತರುತ್ತಾರೆಂದು ಗೊತ್ತಾದಾಗ ಒಂಬತ್ತನೇ ತರಗತಿಯ ಸವಿತಾ, "ನಾವು ಕಬ್ಬಲ್ಲೇ ಮಾಡವಾ ಸಾ" ಎಂದಳು. ಅಪ್ಪನ ಗದ್ದೆಯಿಂದ ಒಂದು ಹೊರೆ ತಂದೂ ಬಿಟ್ಟಳು. ಅವಳೂ ತರಗತಿಯ ಹುಡುಗಿಯರೂ ಸೇರಿ ಜಲ್ಲೆ ಕೆತ್ತಿ ಮೂಳೆ ಮಾಡಿದರು. ಮೂಳೆಗಳನ್ನು ಹಿಡಿದಿಡುವ ನಾರಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರು. ಭುಜ ಸುತ್ತಲೂ ತಿರುಗುತ್ತಿತ್ತು, ಮಂಡಿ ಬಾಗಿಲಿನಂತೆ ಮಡಚುತ್ತಿತ್ತು. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪ್ರದರ್ಶನದಲ್ಲಿ ನಿಲ್ಲಿಸಿದ ಮೇಲೆ ನೋಡುತ್ತೇನೆ, ಬಲ ಮೊಣಕೈ ಹಿಂದಕ್ಕೆ ಮಡಚುತ್ತಿದೆ! ಮುಂದಕ್ಕೆ ಬರುವುದೇ ಇಲ್ಲ. ಕೈ ಹಿಂದಕ್ಕೆ ಬಾಗದಂತೆ ತಡೆಯುವ ಮೂಳೆಯ ಕೊಕ್ಕೆ ಹಿಂಬದಿಯಲ್ಲಿರಬೇಕು. ಸವಿತಾ ಮುಂಬದಿಗೆ ಕೆತ್ತಿದ್ದಳು.

"ಇಂದ್ಗಡೆ ಗೆಣ್ಣಲ್ಲಿ ಕಣ್ಣಿತ್ತು ಸಾ. ಕಣ್ಣು ಕುಯ್ಯಬಾರ್ದು ಅಂತ ನಮ್ಮಪ್ಪ ಏಳವ್ನೆ" ಎಂದಳು. ಬಿತ್ತನೆಯ ಕಬ್ಬು ಮೊಳೆಯುವುದು ಗೆಣ್ಣಿನ ಆ ಕಣ್ಣಿನಿಂದಲೇ. ಮೂಳೆ ಕೆತ್ತುವಾಗಲೂ ರೈತನ ಮಗಳು ಅದನ್ನು ಉಳಿಸಿದ್ದಳು.

ಸರಿಮಾಡಲು ಹೊತ್ತಿರಲಿಲ್ಲ. ತೀರ್ಪುಗಾರರಾದ ಡಾಕ್ಟರು ಪಕ್ಕದ ಮೇಜಿಗೆ ಬಂದಿದ್ದರು. ಹುಡುಗಿಯರ ಮುಖ ಬಾಡಿತು. ಸವಿತಾ ಆ ಕಬ್ಬಿನ ಕೈಯನ್ನು ಸವರಿ, "ಮರ್ವಾದೆ ಕಳೀಬ್ಯಾಡ ಕಣವ್ವ" ಎಂದದ್ದು ಕೇಳಿಸಿತು.

ಡಾಕ್ಟರು ಬಂದವರೇ ಅದೇ ಕೈ ಹಿಡಿದರು. ನಾನು ನೆಲ ನೋಡಿದೆ. ತಲೆಯೆತ್ತಿದರೆ ಮೊಣಕೈ ಮುಂದಕ್ಕೆ ಮಡಚಿ, ಕೈ ಹೆಗಲು ಮುಟ್ಟುತ್ತಿದೆ! ಹಿಂದಕ್ಕೆ ಜಗ್ಗಿದರು, ನೆಟ್ಟಗಾಗಿ ಅಲ್ಲೇ ನಿಂತಿತು. "ಕೀಲು ಕೂಡಿಸೋದು ಅಂದ್ರೆ ಹೀಗೆ" ಎಂದು ಸವಿತಾಳ ಬೆನ್ನು ತಟ್ಟಿದರು. ಮೊದಲ ಬಹುಮಾನ ನಮ್ಮ ಹುಡುಗಿಯರಿಗೇ ಬಂತು.

ಡಾಕ್ಟರು ಅತ್ತ ಹೋದ ಕೂಡಲೇ ನಾನು ಮಡಚಿ ನೋಡಿದೆ. ಹಿಂದಕ್ಕೇ ಹೋಯಿತು. ಕೊಕ್ಕೆ ಮುಂಬದಿಯಲ್ಲೇ ಇತ್ತು. ಟ್ಯೂಬು ಸಡಿಲಾಗಿರಬಹುದು, ಕಬ್ಬು ಒಣಗಿರಬಹುದು ಎಂದು ಏನೇನೋ ಯೋಚಿಸಿದ್ದೇನೆ, ಯಾವುದೂ ಹೊಂದುವುದಿಲ್ಲ. ಆ ಕೈ ಇಂದಿಗೂ ನಮ್ಮ ಪ್ರಯೋಗಾಲಯದಲ್ಲಿದೆ. ಮುಂದಕ್ಕೆ ಬಾಗಿದ್ದು ಅದೊಂದೇ ಸಲ.

ಸವಿತಾಳಿಗೆ ಮಾತ್ರ ಇದರಲ್ಲಿ ಸೋಜಿಗವೇ ಇಲ್ಲ. ಸಿಕ್ಕಾಗ ಕೇಳಿದರೆ ಇಷ್ಟೇ ಅನ್ನುತ್ತಾಳೆ: "ನಮ್ ಗದ್ದೆ ಕಬ್ಬು ಸಾ ಅದು. ನಾಕ್ ಜನದ್ ಮುಂದೆ ನಮ್ಮನ್ನ ಬುಟ್ಕೊಡ್ತದಾ?"